ಉಸಿರು ಬಿಗಿಹಿಡಿಯಬೇಡ

ಚಿ. ಸೌ. ಸವಿತಾಳಿಗೆ ಶನಿವಾರಸಂತೆಯಿಂದ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾಟಿ, ದನ, ಮಳೆ, ಕರೆಂಟು ಹೋಗಿದ್ದು ಎಲ್ಲ ಆಗಲೇ ನಿನ್ನಮ್ಮನ ಕಿವಿಗೆ ಬಿದ್ದಿದೆ, ಅದನ್ನು ಬರೆಯೋಕೆ ಕೂತಿಲ್ಲ. ನಿನ್ನ ಕಾಗದದ ಮೂರನೇ ಪುಟದಲ್ಲಿ, ಪಾಪುವಿನ ತೂಕ, ಲಸಿಕೆ ಕಾರ್ಡು ಎಲ್ಲ ಮುಗಿದ ಮೇಲೆ, ಅಂಚಿನಲ್ಲಿ ಸಣ್ಣಗೆ ಒಂದು ಸಾಲು ಬರೆದಿದ್ದೀಯಲ್ಲ, ಅದಕ್ಕಾಗಿ ಕೂತೆ. "ಹಾಲು ಕುಡಿಸುವಾಗ ಆದಷ್ಟು ಹೊತ್ತು ಉಸಿರು ಬಿಗಿಹಿಡಿತೀನಿ ದೊಡ್ಡಮ್ಮ, ನನ್ನಿಂದಲೇ ಅವಳಿಗೆ ಶೀತ ಬಂದುಬಿಟ್ಟರೆ?" ಇಷ್ಟು ಬರೆದು, ಮರುಸಾಲಿನಲ್ಲೇ ಕುಲಾವಿಗೆ ಯಾವ ಬಣ್ಣದ ನೂಲು ಅಂತ ಕೇಳಿದ್ದೀಯ. ನೂಲಿನ ಮಾತು ಆಮೇಲೆ.

ನೀನು ಇದನ್ನು ಬಾಯಿಬಿಟ್ಟು ಹೇಳಿದರೆ ಎಲ್ಲರೂ "ನಿನ್ನಿಂದ ಏನೂ ಬರಲ್ಲ, ಸುಮ್ಮನಿರೇ" ಅಂತಾರೆ. ನಿನ್ನಮ್ಮ ಅಂದಿರಲೂಬಹುದು. ನಾನು ಹಾಗನ್ನಲಾರೆ. ಆರೋಗ್ಯ ಇಲಾಖೆಯ ಸಬ್‌ಸೆಂಟರಿನಲ್ಲಿ ಕೂತು ಅಷ್ಟು ಮಕ್ಕಳ ಎದೆ ನೋಡಿದವಳು ಸುಳ್ಳು ಹೇಳಿದರೆ ನಿನಗೆ ತಿಳಿಯದೇ ಇರಲ್ಲ. ಬರಬಹುದು ಕಣೇ. ತೊಟ್ಟಿಲ ಮಗುವಿಗೆ ಶೀತ ತರುವವರು ದಾರಿಹೋಕರಲ್ಲ, ಎತ್ತಿಕೊಳ್ಳುವವರು. ನೀನಿರಬಹುದು, ನಿನ್ನ ದೊಡ್ಡ ಮಗನಿರಬಹುದು, ಅಳಿಯಂದಿರಿರಬಹುದು, ಕಾಲ ಮೇಲೆ ಹಾಕಿಕೊಂಡು ನೀರು ಹುಯ್ಯುವ ನಿನ್ನಮ್ಮನೇ ಇರಬಹುದು. ಹಾಗಿದ್ದೂ ಉಸಿರು ಬಿಗಿಹಿಡಿಯಬೇಡ ಅಂತ ಯಾಕೆ ಹೇಳ್ತೀನಿ ಅನ್ನೋದನ್ನ ಬರೀಬೇಕು. ನೆಟ್ಟಗೆ ಬರುತ್ತೋ ಇಲ್ವೋ, ಓದಿಕೋ.

ನೀನು ಬಿಗಿಹಿಡಿದರೆ ಎಷ್ಟು ಹೊತ್ತು ಹಿಡಿದೀಯ? ಆಮೇಲೆ ಬಿಡುವ ಉಸಿರು ಮಗುವಿನ ಮುಖಕ್ಕೇ ಜೋರಾಗಿ ಹೋಗುತ್ತೆ. ಹಗಲು ರಾತ್ರಿ ನೀವಿಬ್ಬರೂ ಉಸಿರಾಡೋದು ಒಂದೇ ಕೋಣೆಯ ಗಾಳಿ. ಅದರಲ್ಲಿ ಹತ್ತು ನಿಮಿಷದ ಹಾಲಿನ ಹೊತ್ತನ್ನು ಮಾತ್ರ ಬೇರೆ ತೆಗೆದಿಡೋಕಾಗಲ್ಲ. ಹಾಲಿನಲ್ಲಂತೂ ನೆಗಡಿ ಹೋಗಲ್ಲ. ನಿನಗೆ ಶೀತವಾದರೆ ನಿನ್ನ ಮೈ ಅದಕ್ಕೆ ಕಟ್ಟುವ ಪ್ರತಿಕಾಯಗಳು ಮಾತ್ರ ಹಾಲಿನಲ್ಲಿ ಹೋಗುತ್ತವೆ. ಕೆಮ್ಮು ಶುರುವಾದ ದಿನ ಬಾಯಿ ಮೂಗು ಮುಚ್ಚುವ ಹಾಗೆ ಮಾಸ್ಕ್ ಕಟ್ಟಿಕೋ, ಸೋಪಿನಲ್ಲಿ ಕೈ ತೊಳೆದುಕೋ, ಕುಡಿಸು. ಕೋವಿಡ್ ಕಾಲದಲ್ಲೂ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ್ದು ಇದನ್ನೇ, ಹಾಲು ಬಿಡಿಸಿ ಅಂತ ಅನ್ನಲಿಲ್ಲ. ಈಗ ನಿನಗೆ ಶೀತವೂ ಇಲ್ಲ, ಏನೂ ಇಲ್ಲ. ಇಲ್ಲದ ಕೆಮ್ಮಿಗೆ ಉಸಿರು ಹಿಡಿತಿದ್ದೀಯ.

ಆದರೆ ಅದೇ ನಿನ್ನ ಭಯ ಅಂತ ನನಗೆ ಗೊತ್ತು. ಕೆಮ್ಮು ಇಲ್ಲದೆಯೂ ಸೋಂಕು ಇರಬಹುದಲ್ಲ, ಗೊತ್ತಾಗದ ಹಾಗೆ ಇರಬಹುದಲ್ಲ ಅಂತ. ಅದೂ ನಿಜವೇ. ಫ್ಲೂ ಒಂದರಿಂದ ನಾಲ್ಕು ದಿನ ಒಳಗೇ ಇದ್ದು ಆಮೇಲೆ ಹೊರಗೆ ಕಾಣುತ್ತೆ, ಕಾಣುವ ಒಂದು ದಿನ ಮುಂಚಿನಿಂದಲೇ ಇನ್ನೊಬ್ಬರಿಗೆ ದಾಟುತ್ತೆ. ಕೋವಿಡ್ ಇನ್ನೂ ಕಳ್ಳ, ಮೈ ಬಿಸಿಯಾಗುವ ಒಂದೆರಡು ದಿನ ಮುಂಚೆಯೇ ಹಂಚೋಕೆ ಶುರು ಮಾಡಿರುತ್ತೆ. ನಮಗೆ ಗೊತ್ತಾಗುವ ಹೊತ್ತಿಗೆ ಆಗಬೇಕಾದ್ದು ಅರ್ಧ ಆಗಿರುತ್ತೆ ಅಂದಮೇಲೆ, ಕಾಯುವ ಜವಾಬ್ದಾರಿ ಪೂರ್ತಿ ನಿನ್ನೊಬ್ಬಳ ತಲೆಮೇಲೆ ಹೇಗೆ ಬರುತ್ತೆ ಹೇಳು?

ದೊಡ್ಡವನನ್ನು ಪಿರಿಯಾಪಟ್ಟಣಕ್ಕೆ ಅವನ ಅಜ್ಜಿ ಮನೆಗೆ ಕಳಿಸಿಬಿಡಲಾ, ಶಾಲೆಯಿಂದ ಅವನೇ ತರೋದು ಅಂತ ಕೇಳಿದ್ದೀಯ. ಶಾಲೆಗೆ ಹೋಗುವ ಮಕ್ಕಳು ತರೋದು ಹೌದು. ಆರ್‌ಎಸ್‌ವಿ ಅಂತ ಒಂದು ವೈರಸ್ ಇದೆ, ಎಳೆ ಮಕ್ಕಳ ಎದೆಗೆ ಇಳಿಯುವುದರಲ್ಲಿ ಅದೇ ಮುಂದು. ಕೀನ್ಯಾ ದೇಶದ ಕಿಲಿಫಿ ಕಡೆ ಮನೆಮನೆಗೆ ಹೋಗಿ ಮೂಗಿನ ಸ್ರಾವ ತೆಗೆದು ನೋಡಿದವರು, ಮನೆಯೊಳಗಿನಿಂದಲೇ ಕೂಸಿಗೆ ಬಂದಾಗ ಹೆಚ್ಚಿನ ಸಲ ಅದನ್ನು ತಂದವರು ಅಕ್ಕ ಅಣ್ಣಂದಿರು ಅಂತ ಕಂಡುಕೊಂಡರು. ನಾನೂ ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಕಂಡಿದ್ದು ಅದನ್ನೇ. ದೊಡ್ಡ ಮಗುವಿನ ಗೊಣ್ಣೆ ಹಸಿರಾಗುವ ಹೊತ್ತಿಗೆ ಚಿಕ್ಕದು ಗೊರಗೊರ ಅನ್ನುತ್ತಿರುತ್ತೆ.

ಆದರೂ ಕಳಿಸಬೇಡ ಅಂತೀನಿ. ಯಾಕೆ ಅಂದರೆ, ನಮ್ಮ ತಮ್ಮನ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿರೋದೇ, ಅದನ್ನ ಮತ್ತೆ ತೆಗೆಯಲ್ಲ. ನಿನ್ನಮ್ಮನಿಗೂ ಗೊತ್ತಿಲ್ಲದ ಒಂದು ಮಾತು ಮಾತ್ರ ಇದೆ, ಆಗ ಅವಳಿನ್ನೂ ಹುಟ್ಟಿರಲಿಲ್ಲ. ಆ ಆಷಾಢದಲ್ಲಿ ನಾನು ಒಂದನೇ ಕ್ಲಾಸು, ಈಗ ನಿನ್ನ ಮಗ ಇರುವ ಹಾಗೆ. ಶಾಲೆಯಿಂದ ನೆನೆದು ಮೂಗು ಸುರಿಸಿಕೊಂಡು ಬಂದವಳು ನೇರ ತೊಟ್ಟಿಲಿಗೆ ಬಗ್ಗುತ್ತಿದ್ದೆ, ಅವನನ್ನ ಸೊಂಟಕ್ಕೆ ಹಾಕಿಕೊಂಡು ಅಂಗಳ ಸುತ್ತುತ್ತಿದ್ದೆ. ಎಲ್ಲ ಮುಗಿದ ಮೇಲೆ ಮಾತಾಡಿಸೋಕೆ ಬಂದವರ ಮುಂದೆ ಅಜ್ಜಿ, ಬೇಕಂತ ಅಲ್ಲ, ಸಂಕಟದಲ್ಲಿ, "ಇವಳು ಇಸ್ಕೂಲಿಂದ ಹೊತ್ತುಕೊಂಡು ಬಂದಳು" ಅಂದರು. ಅಷ್ಟೇ. ಇನ್ನೊಂದು ಸಲ ಅನ್ನಲಿಲ್ಲ. ಅಮ್ಮ ಒಲೆ ಮುಂದೆ ಕೂತಿದ್ದರು. ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ.

ನಿನ್ನಮ್ಮ ಹುಟ್ಟಿದಾಗ ನಾನು ಬಾಣಂತಿ ಕೋಣೆಯ ಹೊಸ್ತಿಲು ದಾಟಲಿಲ್ಲ. ಬಾಗಿಲಾಚೆ ಕೂತು ನೋಡ್ತಿದ್ದೆ. ಅವಳು ಅಂಬೆಗಾಲಿಟ್ಟು ತಾನೇ ನನ್ನ ಹತ್ತಿರ ಬಂದಳು. ಚಿಕ್ಕಂದಿನಲ್ಲಿ ದೊಡ್ಡಮ್ಮನಿಗೆ ತಂಗಿ ಕಂಡರೆ ಹೊಟ್ಟೆಕಿಚ್ಚಂತೆ, ಮುಟ್ಟುತ್ತಲೇ ಇರಲಿಲ್ಲವಂತೆ ಅಂತ ನೀವೆಲ್ಲ ನಗಾಡ್ತೀರಲ್ಲ, ಅದು ಹೊಟ್ಟೆಕಿಚ್ಚಲ್ಲ.

ಹಾಗಾಗಿ ನಿನ್ನ ಮಗನ ವಿಷಯ ಓದಿದಾಗ ನನಗೆ ಮಗುವಿಗಿಂತ ಅವನ ಯೋಚನೆ ಹೆಚ್ಚಾಯಿತು, ತಪ್ಪು ತಿಳಿಯಬೇಡ. ಪಾಪುವನ್ನು ನೋಡಿಕೊಳ್ಳೋಕೆ ನೀವೆಲ್ಲ ಇದ್ದೀರಿ.

ತೊಂಬತ್ತರ ದಶಕದಲ್ಲಿ ಮಕ್ಕಳ ಉಸಿರಾಟದ ಸೋಂಕಿನ ಬಗ್ಗೆ ನಮಗೆಲ್ಲ ತರಬೇತಿ ಕೊಟ್ಟರು. ಮಕ್ಕಳ ಡಾಕ್ಟರೊಬ್ಬರು ಪಾಠದ ಮಧ್ಯೆ ಅಮೆರಿಕದಲ್ಲಿ 1981ರಲ್ಲಿ ಅಚ್ಚಾದ ಒಂದು ಅಧ್ಯಯನದ ಕಥೆ ಹೇಳಿದರು. ಆರ್‌ಎಸ್‌ವಿ ಬಂದು ಆಸ್ಪತ್ರೆಯಲ್ಲಿದ್ದ ಕೂಸುಗಳ ಹತ್ತಿರ ದೊಡ್ಡವರನ್ನು ಮೂರು ಗುಂಪು ಮಾಡಿ ಬಿಟ್ಟರಂತೆ. ಒಂದು ಗುಂಪಿನವರು ಮಗುವನ್ನು ಎತ್ತಿಕೊಂಡು ಮುದ್ದಾಡಿ ಆರೈಕೆ ಮಾಡಿದರು. ಎರಡನೆಯವರು ಮಗುವನ್ನು ಮುಟ್ಟಲಿಲ್ಲ, ಮಗು ಇಲ್ಲದ ಹೊತ್ತಿನಲ್ಲಿ ಅದರ ಸುತ್ತ ಇದ್ದ ಸಾಮಾನು ಮುಟ್ಟಿ ತಮ್ಮ ಮೂಗು ಕಣ್ಣು ಮುಟ್ಟಿಕೊಂಡರು. ಮೂರನೆಯವರು ಆರಡಿ ಆಚೆ ಸುಮ್ಮನೆ ಕೂತರು. ಎತ್ತಿಕೊಂಡ 7 ಜನರಲ್ಲಿ 5 ಜನಕ್ಕೆ ಬಂತು, ಸಾಮಾನು ಮುಟ್ಟಿದ 10 ಜನರಲ್ಲಿ 4 ಜನಕ್ಕೆ ಬಂತು, ದೂರ ಕೂತ 14 ಜನರಲ್ಲಿ ಒಬ್ಬರಿಗೂ ಇಲ್ಲ. ಇದು ಕೈಯಲ್ಲಿ ಹರಡುವ ರೋಗ, ಕೈ ತೊಳೆಸಿ ಅಂತ ಹೇಳೋಕೆ ಡಾಕ್ಟರು ಆ ಲೆಕ್ಕ ಕೊಟ್ಟದ್ದು. ಎಲ್ಲರೂ ಬರೆದುಕೊಂಡರು. ನಾನು ಪೆನ್ನು ಹಿಡಿದು ಸುಮ್ಮನೆ ಕೂತೆ. ಅಂದರೆ ಅಜ್ಜಿ ಅಂದದ್ದು ನಿಜವೇ ಇದ್ದೀತು ಅನ್ನಿಸಿತು.

ತಮ್ಮ ಹೋದ ಕಾಲಕ್ಕೆ ನಮ್ಮೂರಲ್ಲಿ ಪರೀಕ್ಷೆ ಅನ್ನೋದೇ ಇರಲಿಲ್ಲ. ಆ ವೈರಸ್ಸು ಮೊದಲು ಸಿಕ್ಕಿದ್ದೇ 1956ರಲ್ಲಿ, ಅದೂ ನೆಗಡಿಯಾದ ಚಿಂಪಾಂಜಿಗಳಲ್ಲಿ. ನಮ್ಮ ತಮ್ಮನಿಗೆ ಬಂದಿದ್ದು ಅದೋ ಇನ್ನೊಂದೋ, ಯಾರು ನೋಡಿದರು? ಹೊಗೆ ತುಂಬಿದ ಮನೆ, ಕಿಟಕಿ ಅಂದರೆ ಒಂದು ಗೂಡು, ಆಸ್ಪತ್ರೆಗೆ ಹೋಗಬೇಕಾದರೆ ಹೊಳೆ ದಾಟಬೇಕು. ನಿಮೋನಿಯಾಗೆ ಅಷ್ಟು ಸಾಕು. ಇದನ್ನೆಲ್ಲ ಅಮ್ಮನ ಹತ್ತಿರ ಹೇಳಬಹುದಿತ್ತು. ಕೊನೆಯ ವರ್ಷಗಳಲ್ಲಿ ನನ್ನ ಜೊತೆಯಲ್ಲೇ ಇದ್ದರು, ರಾತ್ರಿ ನಿದ್ದೆ ಬರದೆ ಇಬ್ಬರೂ ಕೂತು ಎಷ್ಟೋ ಮಾತಾಡಿದ್ದೀವಿ. "ಅಮ್ಮ, ನೀನೂ ಹಾಗೇ ಅಂದುಕೊಂಡಿದ್ದೆಯಾ?" ಅಂತ ಒಂದು ಸಲ ಕೇಳಿದ್ದರೆ ಆಗಿತ್ತು. ನಾಲಿಗೆ ತುದಿಗೆ ಬಂದು ವಾಪಸ್ ಹೋಗ್ತಿತ್ತು. ಈಗ ಯಾರನ್ನ ಕೇಳಲಿ.

ಮಾತು ಎಲ್ಲಿಗೋ ಹೋಯಿತು. ನಿನ್ನ ಉಸಿರಿನ ವಿಷಯಕ್ಕೆ ಬರ್ತೀನಿ.

ಆ 14 ಜನರ ಬಗ್ಗೆ ಆಮೇಲೆ ತುಂಬ ಯೋಚಿಸಿದ್ದೀನಿ. ದೂರ ಕೂತರು, ರೋಗ ಅಂಟಲಿಲ್ಲ, ಸರಿ. ಮಗುವಿಗೆ ಅವರಿಂದ ಏನಾಯಿತು? ಹಾಲು ಕುಡಿಸಲಿಲ್ಲ, ಬಟ್ಟೆ ಬದಲಿಸಲಿಲ್ಲ, ಅತ್ತಾಗ ಎತ್ತಲಿಲ್ಲ. ಅಂಥವರ ಮಧ್ಯೆ ಕೂಸು ಬೆಳೆಯಲ್ಲ ಕಣಮ್ಮ. ಎತ್ತಿಕೊಳ್ಳುವ ಕೈಗೇ ಅಪಾಯವೂ ಅಂಟಿಕೊಂಡಿದೆ, ಅದನ್ನು ತೊಳೆದುಕೊಂಡು ಎತ್ತಿಕೋಬೇಕು, ಬೇರೆ ದಾರಿ ಇಲ್ಲ. ನಿನ್ನಿಂದ ಬಂದರೆ ಅಂತ ನೀನು ಕೇಳಿದ್ದಕ್ಕೆ ನನ್ನ ಹತ್ತಿರ ಇರುವ ಉತ್ತರ ಇಷ್ಟೇ.

ಇನ್ನೊಂದು ಮಾತು. ಇದನ್ನು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ತಾಯಂದಿರು ಅಷ್ಟು ಹೆದರುತ್ತಿರಲಿಲ್ಲ. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳಿಗೂ ಆರ್‌ಎಸ್‌ವಿ ಒಂದು ಸಲ ಬಂದೇ ಬರುತ್ತೆ. ಬಹಳ ಮಕ್ಕಳಿಗೆ ಅದು ಬರೀ ನೆಗಡಿ. ಆರು ತಿಂಗಳೊಳಗಿನ ನೂರು ಮಕ್ಕಳಲ್ಲಿ ವರ್ಷಕ್ಕೆ ಎರಡು ಮೂರು ಮಕ್ಕಳನ್ನು ಅದಕ್ಕಾಗಿ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ ಅಂತ ಅಮೆರಿಕದವರ ಲೆಕ್ಕ. ಎಳೆಯದರ ಶ್ವಾಸನಾಳ ಅಷ್ಟು ಸಣ್ಣ, ಚೂರು ಕಫ ಕಟ್ಟಿದರೂ ದಾರಿ ಮುಚ್ಚುತ್ತೆ. ಒಂದೊಂದು ತಿಂಗಳು ಕಳೆದ ಹಾಗೂ ಆ ದಾರಿ ಅಗಲವಾಗುತ್ತೆ. ಹಾಗಾಗಿ ನೀನು ಮಾಡಬೇಕಾದ್ದು ತಡೆಯೋದಲ್ಲ, ಮುಂದೂಡೋದು. ಈ ಮಳೆಗಾಲ ದಾಟಿಸಿದರೆ ದೊಡ್ಡ ಕೆಲಸ. ದಾಟಿಸೋಕಾಗದೆ ನಡುವೆ ಒಂದು ನೆಗಡಿ ಬಂದರೆ ಅದು ನಿನ್ನ ಸೋಲಲ್ಲ.

ಮನೆಯೊಳಗೆ ಒಬ್ಬರಿಗೆ ಬಂದರೆ ಎಲ್ಲರಿಗೂ ಖಂಡಿತ ಅಂತ ನೀನು ತಿಳಿದ ಹಾಗಿದೆ. ಹಾಗೂ ಇಲ್ಲ. ಕೋವಿಡ್‌ನ ಮೊದಲ ವರ್ಷ ಎಷ್ಟೋ ದೇಶಗಳ ಅಧ್ಯಯನ ಕೂಡಿಸಿ ನೋಡಿದಾಗ, ಒಬ್ಬರಿಗೆ ಬಂದ ಮನೆಯಲ್ಲಿ ಉಳಿದವರ ಪೈಕಿ ನೂರಕ್ಕೆ ಸುಮಾರು 17 ಜನಕ್ಕೆ ಅಂಟಿತ್ತು. ಗಂಡಹೆಂಡಿರ ಮಧ್ಯೆ 38. ಒಮಿಕ್ರಾನ್ ಬಂದ ಮೇಲೆ ಮನೆಮಂದಿಯದ್ದು 40 ದಾಟಿತು, ಅದು ಬೇರೆ ಮಾತು. ಒಂದೇ ಹಾಸಿಗೆಯಲ್ಲಿ ಮಲಗುವವರಿಗೇ ಅರ್ಧಕ್ಕರ್ಧ ದಾಟಿರಲಿಲ್ಲ ಅನ್ನೋದನ್ನ ನೆನಪಿಟ್ಟುಕೋ.

ಆ 2020ರಲ್ಲಿ ದಿನಾ ಸಂಜೆ ರಾಜ್ಯದ ಬುಲೆಟಿನ್ ಬರುತ್ತಿತ್ತಲ್ಲ, ಒಬ್ಬೊಬ್ಬರಿಗೂ ಒಂದು ಪಿ ನಂಬರು, ಇವರು ಇಂಥ ಪಿ ನಂಬರಿನವರ ಸಂಪರ್ಕ ಅಂತ. ಮುಂದೆ ಯಾರಿಗೆ ದಾಟಿರಬಹುದು ಅಂತ ಹುಡುಕೋಕೆ ಅದು ಬೇಕಿತ್ತು, ಇಲ್ಲ ಅನ್ನಲ್ಲ. ಊರಿನವರು ಮಾತ್ರ ಅದನ್ನು ತಿರುವಿ ಓದಿದರು. ಇವನಿಗೆ ಅವಳು ಕೊಟ್ಟಳು, ಅತ್ತೆಗೆ ಸೊಸೆ ಕೊಟ್ಟಳು. ಕೇಸು ಏರಿದ ಮೇಲೆ ಬುಲೆಟಿನ್‌ನಲ್ಲಿ ಆ ಸಂಪರ್ಕದ ಸಾಲು ನಿಂತಿತು, ಜನರ ಬಾಯಲ್ಲಿ ನಿಲ್ಲಲಿಲ್ಲ. 2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನಲ್ಲಿ ಗುಡ್ಡ ಕುಸಿದಾಗ ಶಿಬಿರಗಳಲ್ಲಿ ಹೇಗಿತ್ತು ನೆನಪಿದೆಯಾ? ಒಂದೇ ಹಾಲ್‌ನಲ್ಲಿ ಎಷ್ಟೋ ಸಂಸಾರ, ಹೊರಗೆ ಮಳೆ, ಒಳಗೆ ಬಾಗಿಲು ಹಾಕಿ ಚಾಪೆಗೆ ಚಾಪೆ ತಾಗಿಸಿ ಮಲಗಿದ್ದರು. ರಾತ್ರಿಯಿಡೀ ಈ ಮೂಲೆಯ ಕೆಮ್ಮು ಆ ಮೂಲೆಗೆ ಹೋಗುತ್ತಿತ್ತು. ಅಲ್ಲಿ ಒಬ್ಬರೂ "ಯಾರು ತಂದರು" ಅಂತ ಕೇಳಿದ್ದನ್ನ ನಾನು ಕೇಳಲಿಲ್ಲ. ಐದು ಜನ ಇರುವ ಮನೆಯಲ್ಲೇ ಆ ಪ್ರಶ್ನೆ ಏಳೋದು.

ನಿನ್ನ ಮನೆ ಹೆಂಚಿನದಲ್ಲ, ತಾರಸಿ. ಮಡಿಕೇರಿಯ ಮಂಜಿಗೆ ಹೆದರಿ ಗಾಜಿನ ಕಿಟಕಿ ಜೂನ್‌ನಲ್ಲಿ ಹಾಕಿದ್ದು ಸೆಪ್ಟೆಂಬರ್‌ಗೆ ತೆಗೀತೀರಿ. ನಮ್ಮ ಹಳೇ ಮನೆಯಲ್ಲಿ ಹೊಗೆ ಒಂದು ಶಾಪ, ಆದರೆ ಹೆಂಚಿನ ಸಂದಿಯಲ್ಲಿ ಗಾಳಿ ಓಡಾಡುತ್ತಿತ್ತು. ಈ ವೈರಸ್ಸುಗಳು ಉಸಿರಿನಲ್ಲಿ, ಮಾತಿನಲ್ಲಿ, ಕೆಮ್ಮಿನಲ್ಲಿ ಸಣ್ಣ ಸಣ್ಣ ಕಣವಾಗಿ ಬರುತ್ತವೆ. ದಪ್ಪದ್ದು ಹತ್ತಿರ ಬೀಳುತ್ತೆ. ಸಣ್ಣದ್ದು ಮುಚ್ಚಿದ ಕೋಣೆಯಲ್ಲಿ ಊದುಬತ್ತಿಯ ಹೊಗೆ ನಿಂತ ಹಾಗೆ ನಿಲ್ಲುತ್ತೆ, ಹಚ್ಚಿದವರು ಎದ್ದು ಹೋದ ಮೇಲೂ ವಾಸನೆ ಇರುತ್ತಲ್ಲ, ಹಾಗೆ. ದಡಾರದ್ದಂತೂ ಎರಡು ಗಂಟೆಯವರೆಗೆ ಇರುತ್ತೆ. ನಮ್ಮ ಕಾಲದ ತರಬೇತಿಯಲ್ಲಿ ಎಲ್ಲ ಹನಿಯೂ ಮೂರಡಿ ಆರಡಿಯೊಳಗೆ ಬೀಳುತ್ತೆ ಅಂತಲೇ ಹೇಳಿಕೊಟ್ಟರು, ನಾವೂ ಹಾಗೇ ಹೇಳುತ್ತಾ ಹೋದೆವು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡ ಹನಿ, ಗಾಳಿಯ ಕಣ ಅನ್ನುವ ಆ ಹಳೇ ಗೆರೆ ಅಳಿಸಿದ್ದು 2024ರಲ್ಲಿ. ಅಷ್ಟು ತಡ. 2020ರ ಮಾರ್ಚ್ 10ರಂದು ಅಮೆರಿಕದ ವಾಷಿಂಗ್ಟನ್ ರಾಜ್ಯದ ಸ್ಕ್ಯಾಜಿಟ್ ಅನ್ನೋ ಕಡೆ ಒಂದು ಗಾಯನ ತಂಡದ 61 ಜನ ಒಂದು ಹಾಲ್‌ನಲ್ಲಿ ಎರಡೂವರೆ ಗಂಟೆ ಹಾಡು ಅಭ್ಯಾಸ ಮಾಡಿದರು. ಒಬ್ಬರಿಗೆ ಶೀತದ ಲಕ್ಷಣ ಇತ್ತು. ಪರೀಕ್ಷೆಯಲ್ಲಿ ಕಂಡದ್ದು, ಲಕ್ಷಣದಿಂದ ಅಂದಾಜಿಸಿದ್ದು ಎಲ್ಲ ಸೇರಿ 53 ಜನಕ್ಕೆ ಆಯಿತು, ಇಬ್ಬರು ಹೋಗಿಬಿಟ್ಟರು. ಆ ಒಬ್ಬರ ಗತಿ ಏನಾಗಿರಬೇಡ ಅಂತ ನಾನು ಯೋಚಿಸ್ತಾ ಇರ್ತೀನಿ. ಹಾಡೋಕೆ ಹೋದವರು ಪಾಪ.

ಅದಕ್ಕೇ ನಾಮಕರಣಕ್ಕೆ ಕಲ್ಯಾಣ ಮಂಟಪ ಬೇಡ, ಮಳೆ ಬಿಟ್ಟ ಮೇಲೆ ಮನೆಯ ಅಂಗಳದಲ್ಲಿ ಇಟ್ಟುಕೊಳ್ಳಿ ಅಂತ ನನಗನ್ನಿಸುತ್ತೆ. ನಿನ್ನ ಅತ್ತೆ ಮಾವ ಏನಂತಾರೋ, ನಾನು ಹೇಳಿದೆ ಅನ್ನಬೇಡ. ಅನ್ನಬೇಕಾದರೆ ಅನ್ನು, ನನಗೇನು.

ಮಳೆ ಹೊಡೆಯದ ದಿಕ್ಕಿನ ಕಿಟಕಿ ನಾಲ್ಕು ಬೆರಳು ತೆಗೆದಿಡು, ಎದುರಿನ ಬಾಗಿಲೂ ಓರೆಯಾಗಿರಲಿ. ಮಗುವಿಗೆ ಬೆಚ್ಚಗೆ ಸುತ್ತಿರು, ಗಾಳಿ ಬಂದರೆ ಶೀತ ಆಗಲ್ಲ, ಗಾಳಿ ಇಲ್ಲದೆ ಆಗೋದು. ನಿನ್ನಮ್ಮ ಇದಕ್ಕೆ ಒಪ್ಪಲ್ಲ, ಜಗಳ ಆಡಬೇಡ, ಅವಳು ಮಲಗಿದ ಮೇಲೆ ತೆಗಿ. ಸ್ನಾನ ಆದ ಮೇಲೆ ಸಾಂಬ್ರಾಣಿ ಹಾಕ್ತಾಳಲ್ಲ, ಅದನ್ನ ಮಾತ್ರ ನಿಲ್ಲಿಸಬೇಕು, ಅಗ್ಗಿಷ್ಟಿಕೆಯೂ ಕೋಣೆಯೊಳಗೆ ಬೇಡ. ಹೊಗೆ ಎಳೆ ಎದೆಯನ್ನ ಮೊದಲೇ ಕೆರೆದಿಟ್ಟಿರುತ್ತೆ. ಮೂಗಿಗೆ ಎಣ್ಣೆ ಬಿಡೋದು, ಬಾಯಿಂದ ಮೂಗು ಊದೋದು ಮಾಡ್ತಿದ್ದರೆ ಅದೂ ಬೇಡ. ಇದನ್ನು ನಾನೇ ಫೋನಿನಲ್ಲಿ ಹೇಳ್ತೀನಿ, ನನ್ನ ಮೇಲೆ ಕೋಪ ಮಾಡಿಕೊಳ್ಳಲಿ.

ನೂಲು ಹಳದಿಯದ್ದೇ ಇದೆ ನನ್ನ ಹತ್ತಿರ, ಅದರಲ್ಲೇ ಹಾಕ್ತೀನಿ. ಒಗೆದು ಇಟ್ಟುಕೋ.

ಕೆಮ್ಮಿನ ಸಿರಪ್ ಯಾವುದೂ ಹಾಕಬೇಡ, ಎರಡು ವರ್ಷದೊಳಗಿನ ಮಕ್ಕಳಿಗೆ ಬೇಡ ಅಂತ 2025ರಲ್ಲಿ ಕೇಂದ್ರದವರೇ ಹೇಳಿದ್ದಾರೆ. ಪಕ್ಕದ ಮನೆಯವರು ಬ್ರಾಂದಿ ಎರಡು ಹನಿ ಅಂದರೆ ನಕ್ಕು ಸುಮ್ಮನಾಗು.

ಮುಂದಿನದನ್ನು ಬರೆಯಲೋ ಬೇಡವೋ ಅಂತ ಎರಡು ಸಲ ಪೆನ್ನು ಕೆಳಗಿಟ್ಟೆ, ನೀನು ರಾತ್ರಿಯೆಲ್ಲ ಎಣಿಸುತ್ತಾ ಕೂತುಬಿಡ್ತೀಯ ಅಂತ. ಆದರೆ ಗೊತ್ತಿರೋದು ಒಳ್ಳೇದು. ಮಗುವಿಗೆ ಶೀತ ಆದಾಗ ಮಾತ್ರ, ಅವಳು ಅಳದೆ ಮಲಗಿರುವಾಗ, ಅಂಗಿ ಎತ್ತಿ ಹೊಟ್ಟೆ ಏರಿಳಿಯೋದನ್ನ ಪೂರ್ತಿ ಒಂದು ನಿಮಿಷ ಎಣಿಸು. ಎರಡು ತಿಂಗಳು ತುಂಬುವವರೆಗೆ 60 ಮತ್ತು ಅದರ ಮೇಲೆ ಆದರೆ ಹೆಚ್ಚು. ಎರಡು ತಿಂಗಳಿಂದ ಒಂದು ವರ್ಷದವರೆಗೆ 50. ಒಂದು ಸಲ ಹೆಚ್ಚು ಬಂದರೆ ಸ್ವಲ್ಪ ತಾಳಿ ಮತ್ತೊಂದು ಸಲ ಎಣಿಸು. ಆಗಲೂ ಹಾಗೇ ಇದ್ದರೆ, ಇಲ್ಲವೇ ಪಕ್ಕೆ ಕೆಳಗೆ ಒಳಕ್ಕೆ ಸೆಳೆದುಕೊಂಡರೆ, ಹಾಲು ಬಿಟ್ಟರೆ, ಮೈ ಬಿಸಿಯಾದರೂ ತಣ್ಣಗಾದರೂ, ತುಟಿ ನೀಲಿಯಾದರೆ, ನಡುವೆ ಉಸಿರು ನಿಂತ ಹಾಗೆ ಅನ್ನಿಸಿದರೆ, ಅಳಿಯಂದಿರು ಬ್ಯಾಂಕಿನಿಂದ ಬರಲಿ ಅಂತ ಕಾಯಬೇಡ, ಆಟೋ ಹಿಡಿದು ಜಿಲ್ಲಾ ಆಸ್ಪತ್ರೆಗೆ ಹೋಗು. ಆಸ್ಪತ್ರೆ ನಿಮಗೆ ಹತ್ತಿರವೇ ಇದೆ. ನಮಗೆ ಇಲ್ಲದ್ದು ಅದೇ.

ದೊಡ್ಡವನ ಮಾತಿಗೆ ಮತ್ತೆ ಬರ್ತೀನಿ, ಬೇಜಾರು ಮಾಡಿಕೊಳ್ಳಬೇಡ. ಅವನು ಶಾಲೆಯಿಂದ ಬಂದ ಕೂಡಲೇ ಸ್ವೆಟರ್ ತೆಗೆದು ಕೈ ಮುಖ ಸೋಪಿನಲ್ಲಿ ತೊಳೆಯಲಿ, ಆ ತೋಳಿನ ತುಂಬ ಮೂಗು ಒರೆಸಿರ್ತಾನೆ. ಗಟ್ಟಿ ಸಾಮಾನಿನ ಮೇಲೆ ಈ ಆರ್‌ಎಸ್‌ವಿ ಗಂಟೆಗಟ್ಟಲೆ ಇರುತ್ತೆ, ಬಟ್ಟೆ, ಕೈ ಮೇಲೆ ಅಷ್ಟಿಲ್ಲ, ಆದರೂ ಕೈ ಸೀದಾ ಕಣ್ಣಿಗೆ ಮೂಗಿಗೆ ಹೋಗುತ್ತಲ್ಲ. ಆಮೇಲೆ ಪಾಪುವಿನ ಪಾದ ಮುಟ್ಟಲಿ, ಪಾದಕ್ಕೆ ಮುತ್ತು ಕೊಡಲಿ, ಮುಖಕ್ಕೆ ಬೇಡ. ಇದು ಅವನೊಬ್ಬನಿಗೆ ಅಲ್ಲ, ನೋಡೋಕೆ ಬರುವ ಎಲ್ಲರಿಗೂ, ಯಜಮಾನರಿಗೂ ಅಂತ ಅವನ ಎದುರೇ ಹೇಳು. ಅವನಿಗೇ ಕೆಮ್ಮು ಬಂದರೆ ನಾಲ್ಕೈದು ರಾತ್ರಿ ಅಪ್ಪನ ಜೊತೆ ನಡುಮನೆಯಲ್ಲಿ ಮಲಗಲಿ. ಲೈನ್ ಮನೆಗಳಲ್ಲಿ ಬೇರೆ ಕೋಣೆ ಎಲ್ಲಿಂದ ಬರಬೇಕು, ತಲೆ ಕಾಲು ತಿರುಗಿಸಿ ಮಲಗಿಸಿ ಅಂತಿದ್ದೆ, ಅಷ್ಟಾದರೂ ಅಂತ. ನಿಮಗೆ ಕೋಣೆ ಇದೆ. ಆದರೆ ಯಾಕೆ ಅಂತ ಕೇಳಿದಾಗ "ನಿನ್ನಿಂದ ಪಾಪುಗೆ ಬರುತ್ತೆ" ಅನ್ನಬೇಡ. ಕೆಮ್ಮು ಇದ್ದವರೆಲ್ಲ ಹೀಗೇ ಮಲಗೋದು, ನನಗೆ ಬಂದರೂ ನಾನು ಮಾಸ್ಕ್ ಹಾಕ್ತೀನಿ ಅನ್ನು. ನಾಳೆ ನಿಜವಾಗಿ ಮಗುವಿಗೆ ಬಂತು ಅನ್ನು, ಆಗ ಬಂದವರೆಲ್ಲ "ಯಾರಿಗೆ ಮೊದಲು ಆಗಿದ್ದು?" ಅಂತ ಕೇಳೇ ಕೇಳ್ತಾರೆ. ಅವನು ಅಲ್ಲೇ ನಿಂತಿರ್ತಾನೆ. ನೀನು ಏನಾದರೂ ಹೇಳಿಬಿಡು ಸವಿತಾ, ಸುಮ್ಮನಿರಬೇಡ. ಮಳೆಗಾಲ ಅಲ್ಲವಾ, ಊರೆಲ್ಲ ಇದೆ ಅಂತಲಾದರೂ ಅನ್ನು.

ನಿನಗೂ ಅದೇ. ಯಾರಾದರೂ ನಿನ್ನ ಕಡೆ ನೋಡಿ ಕೇಳಿದರೆ ನಿನ್ನಮ್ಮ ಉತ್ತರ ಕೊಡಬೇಕು ಅಂತ ಅವಳಿಗೆ ಬೇರೆ ಹೇಳಿಡ್ತೀನಿ.

ಬಂದು ನಿನ್ನ ಜೊತೆ ಕೆಲವು ದಿನ ಇರೋಣ ಅಂದುಕೊಂಡಿದ್ದೆ. ಭಾನುವಾರದಿಂದ ನನಗೇ ಗಂಟಲು ಕೆರೆತ, ಮೂಗು ಕಟ್ಟಿದೆ. ಕೆಮ್ಮು ಪೂರ್ತಿ ನಿಂತ ಮೇಲೆ ಹೊರಡ್ತೀನಿ, ಅಲ್ಲಿಯವರೆಗೆ ಬಾ ಅನ್ನಬೇಡ. ಅಳಿಯಂದಿರಿಗೆ ಆಶೀರ್ವಾದ ತಿಳಿಸು.

ಇದರೊಳಗೆ ಇನ್ನೊಂದು ಹಾಳೆ ಇಟ್ಟಿದ್ದೀನಿ, ಅದು ನಿನಗಲ್ಲ, ದೊಡ್ಡವನಿಗೆ. ದಪ್ಪಕ್ಷರದಲ್ಲಿ, ಒತ್ತಕ್ಷರ ಆದಷ್ಟು ಬರದ ಹಾಗೆ ಬರೆದಿದ್ದೀನಿ. ಅವನೇ ಓದಲಿ. ತಡವರಿಸಿದ ಕಡೆ ಹೇಳಿಕೊಡು, ಮೊದಲೇ ನೀನು ಓದಿ ಹೇಳಿಬಿಡಬೇಡ.

ಇಂತಿ,
ನಿನ್ನ ದೊಡ್ಡಮ್ಮ